ಬೆನ್ನು: ನೀಲಾಂಬಿಕೆ

ಸ್ವಲ್ಪ ಕೂತುಕೊಳ್ಳಿ, ಎದ್ದು ಹೋಗಬೇಡಿ. ಇದನ್ನು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ. ನಮ್ಮೂರಲ್ಲಿ ಈಗ ಅರ್ಧ ಜನ ನನ್ನನ್ನು ತಲೆ ಮೇಲೆ ಹೊತ್ತು ಕುಣಿಯುತ್ತಾರೆ, ಇನ್ನರ್ಧ ಜನ "ಆ ಹುಡುಗಿಯ ಬಾಯಿಗೆ ಬಂದ ತುತ್ತು ಇವ್ಳು ಕಿತ್ಕೊಂಡ್ಳು" ಅನ್ನುತ್ತಾರೆ. ಎರಡೂ ಕಡೆಯವರು ಟಿಕೆಟ್ ತೆಗೆದುಕೊಂಡು ಮತ್ತೆ ಮತ್ತೆ ಪಿಕ್ಚರ್ ನೋಡುತ್ತಿದ್ದಾರೆ, ಅದು ಬೇರೆ ಮಾತು.

ನಮ್ಮ ದೇಶ ಎಷ್ಟು ಚಿಕ್ಕದೆಂದರೆ ಈ ಗಡಿಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆ ಗಡಿಯಲ್ಲಿ ಸೀನುತ್ತಾರೆ. ಇರುವುದು ಒಂದೇ ಪಟ್ಟಣ, ಅದರಲ್ಲಿ ಒಂದು ಟಾಕೀಸು, ಟಾಕೀಸಿನ ಹಿಂದೆ ಒಂದು ಸ್ಟುಡಿಯೋ. ಸ್ಟುಡಿಯೋ ಮೊದಲು ಆಲೆಮನೆಯಾಗಿತ್ತು. ಈಗಲೂ ಬಿಸಿಲೇರಿದರೆ ಗೋಡೆಯಿಂದ ಬೆಲ್ಲದ ವಾಸನೆ ಬರುತ್ತದೆ, ಅಳುವ ಸೀನಿನ ಮಧ್ಯದಲ್ಲಿ ನಾಯಕಿಯ ಕಾಲಿಗೆ ಇರುವೆ ಕಚ್ಚುತ್ತದೆ. ಕೆಲವು ನಾಯಕಿಯರು ಚೆನ್ನಾಗಿ ಅತ್ತಿದ್ದೇ ಇರುವೆಯ ಪುಣ್ಯದಿಂದ.

ಮತ್ತೆ ನಮ್ಮಲ್ಲಿ ಒಂದು ಮುಖಕ್ಕೆ ಒಂದೇ ಪಿಕ್ಚರ್. ಒಂದರಲ್ಲಿ ಬಂದ ಮುಖ ಇನ್ನೊಂದರಲ್ಲಿ ಮೂಡುವುದಿಲ್ಲ. ಕಿವಿ ಕಾಣುತ್ತದೆ, ಜಡೆ ಕಾಣುತ್ತದೆ, ಕೈಕಾಲು ಎಲ್ಲಾ ಕಾಣುತ್ತದೆ, ಮುಖದ ಜಾಗದಲ್ಲಿ ಮಾತ್ರ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ. ಯಾಕೆ ಹೀಗೆ ಅಂತ ಯಾರೂ ಕೇಳುವುದಿಲ್ಲ. ಹಲ್ಲು ಎರಡೇ ಸಲ ಹುಟ್ಟುವುದು ಯಾಕೆ ಅಂತ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ಪಿಕ್ಚರ್‌ನಲ್ಲಿ ಬಂದಾದ ಮುಖಕ್ಕೆ ಖರ್ಚಾದ ಮುಖ ಅನ್ನುತ್ತೇವೆ, ಬರದೇ ಉಳಿದದ್ದಕ್ಕೆ ಮೀಸಲು ಮುಖ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದಾ, ಹಾಡು ಬರುತ್ತದಾ ಎಂದೆಲ್ಲ ಕೇಳಿ ಕೊನೆಗೆ ದನಿ ತಗ್ಗಿಸಿ, "ಮುಖ ಮೀಸಲಿದೆ ತಾನೆ?" ಅನ್ನುತ್ತಾರೆ. ಬೀದಿಗೆ ಕ್ಯಾಮೆರಾ ಜೀಪು ಬಂತೆಂದರೆ ಸಾಕು, ಹೆಂಗಸರ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಮೊದಲು ಮಗುವಿನ ಮುಖಕ್ಕೆ, ಆಮೇಲೆ ತಮ್ಮ ತಲೆಯ ಮೇಲೆ. ಗಂಡಸರು ಟವೆಲ್ ಎಳೆದುಕೊಳ್ಳುತ್ತಾರೆ. ನಡೆಯುವುದಕ್ಕೆ ಮೊದಲೇ ನಮ್ಮ ಮಕ್ಕಳು ಕಲಿಯುವುದು ಇದನ್ನೇ.

ನನ್ನ ಮುಖ ಖರ್ಚಾದದ್ದು ನನಗೆ ಹಾಲುಹಲ್ಲು ಬೀಳುವ ಮೊದಲು. ನಮ್ಮವ್ವ ಚಕ್ಕುಲಿ ಮಾಡಿ ಮಾರುತ್ತಾಳೆ. ಅವತ್ತು ಜೀಪು ನಮ್ಮ ಬೀದಿಗೆ ತಿರುಗಿದಾಗ ಅವಳ ಎರಡೂ ಕೈ ಹಿಟ್ಟಿನಲ್ಲಿತ್ತು. "ನೀಲೀ, ಒಳಗ್ ಬಾರೇ!" ಅಂತ ಕೂಗಿದಳಂತೆ. ನಾನು ಬಾಯಲ್ಲಿ ಅರ್ಧ ಚಕ್ಕುಲಿ ಕಚ್ಚಿಕೊಂಡು ಸೀದಾ ಹೊರಗೆ ಓಡಿದೆ. ಆ ಪಿಕ್ಚರ್‌ನಲ್ಲಿ ನಾಯಕನ ಸೈಕಲ್ ಹೋಗುತ್ತದಲ್ಲ, ಆ ಚಕ್ರದ ಹಿಂದೆ ಒಂದು ಸೀನು ಸೀನುವಷ್ಟು ಹೊತ್ತು ನಾನು ಇದ್ದೇನೆ. ಚಕ್ಕುಲಿ ನನಗಿಂತ ಚೆನ್ನಾಗಿ ಕಾಣುತ್ತದೆ. ಅಷ್ಟೇ, ಮುಗಿಯಿತು ನನ್ನ ಮುಖ. ಅವ್ವ ಆ ಪಿಕ್ಚರ್ ನೋಡಲಿಲ್ಲ, ಆಮೇಲೆ ಯಾವ ಪಿಕ್ಚರನ್ನೂ ನೋಡಲಿಲ್ಲ. ಟಾಕೀಸಿನ ಮುಂದೆ ಹಾದು ಹೋಗುವಾಗ ಆಚೆ ಬದಿಯ ಚರಂಡಿ ನೋಡಿಕೊಂಡು ನಡೆಯುತ್ತಾಳೆ.

ಹಾಳಾದ್ದು, ನನಗೆ ಇದ್ದ ಆಸೆ ಒಂದೇ. ನಟನೆ. ನೀರಿನ ಸಾಲಲ್ಲಿ ನಿಂತು ಬಿಂದಿಗೆಯನ್ನೇ ಪ್ರಿಯಕರ ಮಾಡಿಕೊಂಡು ಡೈಲಾಗ್ ಹೊಡೆಯುತ್ತಿದ್ದೆ. ಪರದೆಯ ಮೇಲೆ ನನ್ನ ಹೆಸರು ಬರಬೇಕು, ಇಡೀ ಟಾಕೀಸು ಅದನ್ನು ಓದಬೇಕು. ಅದೊಂದು ಆಗಿಬಿಟ್ಟರೆ ಆಮೇಲೆ ಏನಾದರೂ ಆಗಲಿ ಅಂತಿದ್ದೆ. ಆದರೆ ನಮ್ಮ ಸಿನಿಮಾದವರ ಕಾನೂನು ಗೊತ್ತಲ್ಲ, ಮುಖ ಇದ್ದವರಿಗೆ ಮಾತ್ರ ಹೆಸರು.

ಒಂದು ದಿನ ಧೈರ್ಯ ಮಾಡಿ ಸ್ಟುಡಿಯೋಗೆ ನುಗ್ಗಿದೆ. ಡೈರೆಕ್ಟರ್ ಭುಜಂಗಯ್ಯನವರು ಸ್ಟೂಲಿನ ಮೇಲೆ ಕೂತು, ಬಟ್ಟಲಲ್ಲಿ ಕಾಲಿಟ್ಟುಕೊಂಡಿದ್ದರು. ಇರುವೆ ಕಾಟಕ್ಕೆ ಬಟ್ಟಲಲ್ಲಿ ನೀರು.

"ಮುಖ ಇದ್ಯೇನಮ್ಮ?"

"ಖರ್ಚಾಗಿದೆ ಸಾರ್."

"ಯಾವುದ್ರಲ್ಲಿ?"

"ಸೈಕಲ್ ಪಿಕ್ಚರ್‌ನಲ್ಲಿ. ಚಕ್ರದ ಹಿಂದೆ."

ಅವರು ಬಟ್ಟಲಿಂದ ಕಾಲು ತೆಗೆದರು. "ಚಕ್ಕುಲಿ ಮಗು ನೀನೇನಾ! ಆ ಪಿಕ್ಚರ್‌ನಲ್ಲಿ ಸರಿಯಾಗಿ ಆ್ಯಕ್ಟ್ ಮಾಡಿದ್ದು ನೀನೊಬ್ಳೇ ಕಣಮ್ಮ. ಛೆ. ಹೋಗ್ಲಿ, ಬೆನ್ನಿನವರ ಜೊತೆ ನಿಂತ್ಕೋ."

ಬೆನ್ನಿನವರು ಅಂದರೆ ನಮ್ಮಂಥ ಖರ್ಚಾದವರು. ನೀವೇ ಯೋಚನೆ ಮಾಡಿ, ನಮ್ಮ ದೇಶದ ಪ್ರತಿಯೊಬ್ಬ ನಾಯಕನಿಗೂ ಅದೇ ಮೊದಲನೇ ಪಿಕ್ಚರ್, ಅದೇ ಕೊನೆಯದು. ಯಾರಿಗೂ ಏನೂ ಬರುವುದಿಲ್ಲ! ಬೆಂಕಿ ಬಿತ್ತು ಅಂದರೆ ಊಟಕ್ಕೆ ಕರೆದ ಹಾಗೆ ನೋಡುತ್ತಾರೆ. ಹಾಗಾಗಿ ಹೊಡೆದಾಟ, ಓಟ, ಕುಣಿತ, ಬಿದ್ದು ಹೊರಳುವುದು ಎಲ್ಲಾ ಬೆನ್ನಿನವರ ಪಾಲು. ಮುಖದವರು ಮಧ್ಯೆ ಮಧ್ಯೆ ಬಂದು ತಿರುಗಿ ನೋಡಿದರೆ ಆಯಿತು. ನಾವು ಪಿಕ್ಚರ್ ಮೇಲೆ ಪಿಕ್ಚರ್ ಮಾಡುತ್ತಾ ಕಲಿಯುತ್ತಲೇ ಹೋಗುತ್ತೇವೆ, ಆದರೆ ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ.

ನಾನು ಹಟಕ್ಕೆ ಬಿದ್ದೆ. ಬೆನ್ನೇ ಸರಿ, ಆದರೆ ಜನ ಮರೆಯಲಾಗದ ಬೆನ್ನು. ಮನೆಯಲ್ಲಿ ಅವ್ವ ಒಲೆ ಮುಂದೆ ಚಕ್ಕುಲಿ ಒತ್ತುತ್ತಿದ್ದರೆ ನಾನು ಅವಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

"ಈಗ ಏನವ್ವ?"

"ಹೊಟ್ಟೆನೋವಾ?"

"ಅಲ್ಲವ್ವ! ವಿರಹ!"

"ನಂಗೇನೋ ಹೊಟ್ಟೆನೋವಿನ ಥರಾನೇ ಕಂಡ್ತು ಕಣೇ. ಜೀರಿಗೆ ಕಷಾಯ ಮಾಡ್ಲಾ?"

ಮತ್ತೆ ನಿಲ್ಲುತ್ತಿದ್ದೆ. ಸಿಟ್ಟು ಕುತ್ತಿಗೆಯಲ್ಲಿ ಇರುತ್ತದೆ, ಭುಜದಲ್ಲಿ ಅಲ್ಲ. ಸುಳ್ಳು ಹೇಳುವವರ ಮೊಣಕೈ ಮೈಗೆ ಅಂಟಿರುತ್ತದೆ. ಹಸಿದವರು ನಿಧಾನವಾಗಿ ನಡೆಯುವುದಿಲ್ಲ, ಬೇಗ ನಡೆದು ಬೇಗ ನಿಲ್ಲುತ್ತಾರೆ. ಇದೆಲ್ಲ ಸಂತೆಯಲ್ಲಿ ಜನರ ಹಿಂದೆ ಹಿಂದೆ ಹೋಗಿ ಕಲಿತದ್ದು. ಎಷ್ಟೋ ಜನ ನನ್ನನ್ನು ಜೇಬುಗಳ್ಳಿ ಅಂದುಕೊಂಡು ಬೈದಿದ್ದಾರೆ. ಒಂದು ಸಂಜೆ ಹಾಗೇ ಬೆನ್ನು ಹಾಕಿ ನಿಂತಿದ್ದೆ, ಹಿಂದಿನಿಂದ ಚಕ್ಕುಲಿ ಒತ್ತುವ ಸದ್ದು ನಿಂತುಹೋಯಿತು. "ಯಾಕೇ ನೀಲಿ, ಯಾರ್ ಏನಂದ್ರು? ಯಾಕಳ್ತಿದೀಯ?" ಅಂತ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ನಾನು ತಿರುಗಿ ನೋಡಿದೆ, ಕಿವಿಯಿಂದ ಕಿವಿಗೆ ನಗು. ಅವತ್ತು ನನಗೆ ಗೊತ್ತಾಯಿತು, ಬಂತು ವಿದ್ಯೆ ಅಂತ.

ಆಮೇಲೆ ನೋಡಿ ಮಜಾ! ಕೆರೆಗೆ ನಡೆದು ಹೋಗುವ ವಿಧವೆಯ ಬೆನ್ನು ನಾನು. ಕೋರ್ಟಿನಲ್ಲಿ ನಿಂತ ಕಳ್ಳಿಯ ಬೆನ್ನು ನಾನು. ಒಂದು ಪಿಕ್ಚರ್‌ನಲ್ಲಂತೂ ನಾಯಕ, ನಾಯಕಿ, ನಾಯಕಿಯ ತಂಗಿ, ಮೂವರ ಬೆನ್ನೂ ನಾನೇ. ನಾಯಕನಿಗೋಸ್ಕರ ಕ್ರಾಪು ಹೊಡೆಸಿಕೊಂಡಿದ್ದೆ, ಆಮೇಲೆ ಚೌರಿ ಕೂದಲು ಕಟ್ಟಿಕೊಂಡು ನಾಯಕಿ. ಎದುರಿಗೆ ಬಂದರೆ ಯಾರಿಗೂ ನನ್ನ ಗುರುತಿಲ್ಲ, ದಾಟಿ ಹೋದ ಮೇಲೆ ಹಿಂದಿನಿಂದ ಕೂಗು. "ಅಯ್ಯೋ, ಇವ್ರು ಆ ಕೆರೆ ವಿಧವೆ ಅಲ್ವೇನೇ!" ತಿರುಗಿದರೆ ಅವರಿಗೆ ಗಲಿಬಿಲಿ. "ಇಲ್ಲಾ ಬಿಡಿ, ನೀವಲ್ಲ." ಮತ್ತೆ ಬೆನ್ನು ಹಾಕಿದರೆ, "ಹೌದ್ ಕಣೇ, ಅವ್ರೇ!" ಹೂವಿನವಳು ನನ್ನ ಹಿಂದೆಯೇ ನಿಂತು ಜಡೆಗೆ ಮಲ್ಲಿಗೆ ಮುಡಿಸಿ ಕಳಿಸುತ್ತಿದ್ದಳು.

ಈ ಧೈರ್ಯದ ಮೇಲೆ ಪ್ರೊಡ್ಯೂಸರ್ ಕಾಳಪ್ಪಶೆಟ್ಟರನ್ನು ಕೇಳಿದೆ, ಸಾರ್, ನನ್ನ ಹೆಸರು ಹಾಕಿ ಅಂತ. ಅವರು ನಕ್ಕ ನಗೆಗೆ ಬಾಯಲ್ಲಿದ್ದ ಎಲೆಅಡಿಕೆ ಶರ್ಟಿಗೆ ಬಿತ್ತು. "ಬೆನ್ನಿಗೆಲ್ಲಾ ಹೆಸರು ಹಾಕಕ್ಕಾಗುತ್ತೇನಮ್ಮಾ? ಇವತ್ತು ಬೆನ್ನು ಕೇಳುತ್ತೆ, ನಾಳೆ ಮೊಣಕೈ ಬಂದು ನಿಂತ್ಕೊಳುತ್ತೆ!"

ಅಷ್ಟರಲ್ಲಿ ಭುಜಂಗಯ್ಯನವರ ತಲೆಗೆ ಆ ಕಥೆ ಬಂತು. ಬಾಚಣಿಗೆ ಮಾರುವ ಅಪ್ಪ, ಅವನ ಮಾತು ಮೀರಿ ಊರು ಬಿಡುವ ಮಗಳು. ಪಿಕ್ಚರ್ ಪೂರ್ತಿ ಮಗಳು ಹಿಂದಿನಿಂದಲೇ ಕಾಣುತ್ತಾಳೆ. ಅಡುಗೆ ಮಾಡುತ್ತಾಳೆ, ಜಗಳ ಆಡುತ್ತಾಳೆ, ಬಾವಿಯಲ್ಲಿ ನೀರು ಸೇದುತ್ತಾಳೆ, ಮುಖ ಇಲ್ಲ. ಕಟ್ಟಕಡೆಗೆ ಗಂಟು ಹಿಡಿದು ಹೊಸ್ತಿಲು ದಾಟುವಾಗ ಅಪ್ಪ "ಮಗಾ" ಅಂತ ಕರೆಯುತ್ತಾನೆ. ಆಗ ತಿರುಗುತ್ತಾಳೆ. ಆ ಮುಖ ನೋಡಲು ಇಡೀ ದೇಶ ಬರುತ್ತದೆ!

"ಎಲ್ಲಾ ನೀನೇ ಮಾಡ್ಬೇಕು ನೀಲಿ," ಅಂದರು ಭುಜಂಗಯ್ಯ. "ತಿರುಗೋದೊಂದು ಬಿಟ್ಟು."

ತಿರುಗುವುದಕ್ಕೆ ಶೆಟ್ಟರ ತಂಗಿಯ ಮಗಳು ಮಂದಾರ. ಹುಟ್ಟಿದಾಗಿನಿಂದ ಎಂಥ ಮೀಸಲು ಅಂದರೆ ಪಕ್ಕದ ಮನೆಯವರೂ ಅವಳ ಮುಖ ಸರಿಯಾಗಿ ಕಂಡಿರಲಿಲ್ಲ. ಹೆಸರು ಅವಳದು. ಪಿಕ್ಚರ್ ಶುರುವಾಗುವಾಗ ದಪ್ಪ ಅಕ್ಷರದಲ್ಲಿ, ಒಬ್ಬಳದೇ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಪಡಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅಷ್ಟು ಒಳ್ಳೆಯವಳು. ನಾನು ತಂದ ಚಕ್ಕುಲಿ ಡಬ್ಬಿಯನ್ನು ಒಬ್ಬಳೇ ಖಾಲಿ ಮಾಡಿ, "ಅಕ್ಕಾ, ತಿರುಗೋದು ಹೇಳ್ಕೊಡಿ ಅಕ್ಕಾ," ಅಂತ ಹಿಂದೆ ಬೀಳುತ್ತಿದ್ದಳು.

"ತಿರುಗು ನೋಡೋಣ."

ತಿರುಗಿದಳು.

"ಅಯ್ಯೋ ಮಾರಾಯ್ತಿ, ಬಸ್ ಬಂತೇನೋ ಅನ್ನೋ ಥರ ತಿರುಗ್ತೀಯಲ್ಲ! ಕರೀತಿರೋದು ನಿಮ್ಮಪ್ಪ ಕಣೇ."

"ನಮ್ಮಪ್ಪ ಕರೆದ್ರೆ ನಾನ್ ತಿರುಗೋದೇ ಇಲ್ಲ ಅಕ್ಕ, ಓಡೋಗ್ತೀನಿ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೂ ಅವಳು ಬಿಡಲಿಲ್ಲ. ಊಟ ಬಿಟ್ಟು, ಬಿಸಿಲಲ್ಲಿ ನಿಂತು, ಗೋಡೆಯ ಮುಂದೆ ತಿರುಗಿ ತಿರುಗಿ ಕಲಿತಳು. ಕೊನೆಕೊನೆಗೆ ನಿಜವಾಗಿಯೂ ಚೆನ್ನಾಗಿ ತಿರುಗುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮುಚ್ಚಿಡುತ್ತಿಲ್ಲ.

ಅಪ್ಪನ ಪಾತ್ರಕ್ಕೆ ಸಣ್ಣಹೈದಯ್ಯ ಅಂತ ನಿಜವಾಗಿ ಬಾಚಣಿಗೆ ಮಾರುವ ಮುದುಕರೇ ಬಂದರು. ಹಲ್ಲೆಲ್ಲ ಉದುರುವವರೆಗೂ ಮುಖ ಮೀಸಲಿಟ್ಟಿದ್ದವರು. ಯಾಕೆ ತಾತಾ ಇಷ್ಟು ದಿನ ಉಳಿಸಿಕೊಂಡಿರಿ ಅಂದರೆ, "ಸುಕ್ಕು ಚೆನ್ನಾಗಿ ಕೂರ್ಲಿ ಅಂತ ಕಾಯ್ತಿದ್ದೆ ಕಣವ್ವ," ಅಂದರು.

ಕೊನೆಯ ಸೀನಿನ ದಿನ ಬಂತು. ಆಲೆಮನೆಯ ದೊಡ್ಡ ಬಾಗಿಲು ತೆಗೆದಿದ್ದರು, ಮಧ್ಯಾಹ್ನದ ಬಿಸಿಲು ಒಳಗೆ ಬಂದು ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಹೊಸ್ತಿಲ ಈಚೆ ಸೀಮೆಸುಣ್ಣದಲ್ಲಿ ಒಂದು ಗುರುತು. ನಾನು ಗಂಟು ಹಿಡಿದು ನಡೆದು ಬಂದು ಗುರುತಿನ ಮೇಲೆ ನಿಲ್ಲಬೇಕು. ಹೈದಯ್ಯ "ಮಗಾ" ಅನ್ನುತ್ತಾರೆ. ಭುಜಂಗಯ್ಯ "ಕಟ್" ಅನ್ನುತ್ತಾರೆ. ನಾನು ಸರಿದುಕೊಳ್ಳಬೇಕು, ಅದೇ ಸೀರೆ ಉಟ್ಟ ಮಂದಾರ ಅದೇ ಗುರುತಿನ ಮೇಲೆ ನಿಂತು ತಿರುಗಬೇಕು. ಉಳಿದಿದ್ದದ್ದು ಒಂದು ತುಂಡು ರೀಲು. ಎರಡಕ್ಕೂ ಸರಿಹೋಗುವಷ್ಟೇ. ಹೊಸ ರೀಲು ಬೇಕೆಂದರೆ ಹಡಗು ಬರಬೇಕು, ಹಡಗು ಬರುವುದರೊಳಗೆ ಪಿಕ್ಚರ್ ಬಿಡುಗಡೆ, ಪೋಸ್ಟರೆಲ್ಲ ಅಂಟಿಸಿ ಆಗಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವತ್ತು ಅವ್ವನೇ ಚಕ್ಕುಲಿ ಡಬ್ಬಿ ಹೊತ್ತುಕೊಂಡು ಸ್ಟುಡಿಯೋಗೆ ಬಂದಳು. ಜನ್ಮದಲ್ಲಿ ಮೊದಲನೇ ಸಲ. ಮೂಲೆಯಲ್ಲಿ ನಿಂತುಕೊಂಡಳು. ಭುಜಂಗಯ್ಯ "ಎಲ್ರೂ ಸುಮ್ನಿರಿ, ಕ್ಯಾಮೆರಾ!" ಅಂತ ಕೂಗುವಾಗ ನಾನು ಒಂದು ಸಲ ಆ ಕಡೆ ನೋಡಿದೆ. ಅವ್ವ ಗಡಿಬಿಡಿಯಲ್ಲಿ ಡಬ್ಬಿ ಕೆಳಗಿಟ್ಟು, ಎರಡೂ ಕೈ ಸೀರೆಗೆ ಒರೆಸಿಕೊಂಡು, ಸೆರಗು ಎಳೆದುಕೊಂಡಳು. ಕ್ಯಾಮೆರಾ ಇದ್ದದ್ದು ಅವಳ ಕಡೆಗಲ್ಲವೇ ಅಲ್ಲ. ಆದರೂ ಒರೆಸಿದಳು, ಉಜ್ಜಿ ಉಜ್ಜಿ ಒರೆಸಿದಳು, ಹಿಟ್ಟು ಇಲ್ಲದ ಕೈಯನ್ನು.

ನಾನು ನಡೆಯಲು ಶುರು ಮಾಡಿದೆ. ಗುರುತು ಬಂತು. ಹೆಬ್ಬೆರಳು ಸೀಮೆಸುಣ್ಣಕ್ಕೆ ತಾಗಿತು. ನಿಂತೆ. ಹಿಂದಿನಿಂದ ಹೈದಯ್ಯನವರ ದನಿ ಬಂತು.

"ಮಗಾ..."

ಭುಜಂಗಯ್ಯ ಬಾಯಿ ತೆರೆಯುವುದರೊಳಗೆ ನನ್ನ ಕೈ ಎದ್ದಿತು. ನಾನು ಯೋಚನೆ ಮಾಡಿ ಎತ್ತಿದೆನೋ, ಅದಾಗಿಯೇ ಎದ್ದಿತೋ, ಕೇಳಬೇಡಿ. ಸೆರಗಿನ ಅಂಚು ಹಿಡಿದು ನಿಧಾನವಾಗಿ ತಲೆಯ ಮೇಲೆ ಎಳೆದುಕೊಂಡೆ. ದೊಡ್ಡ ಹೆಂಗಸು ತನಗೆ ತಾನು ಹಾಕಿಕೊಳ್ಳುವ ಹಾಗಲ್ಲ. ತಾಯಿ ಮಗುವಿಗೆ ಹಾಕುವ ಹಾಗೆ, ಮೊದಲು ಹಣೆ, ಆಮೇಲೆ ಕೆನ್ನೆ, ಆಮೇಲೆ ಗಲ್ಲದ ಕೆಳಗೆ ಒಂದು ಸಲ ಸಿಕ್ಕಿಸಿ. ಜೀಪು ಬಂದ ದಿನ ಆ ಬೀದಿಯಲ್ಲಿ ನನಗೆ ಹಾಕಬೇಕಾಗಿದ್ದ, ಯಾರೂ ಹಾಕದೇ ಹೋದ ಹಾಗೆ. ಹಾಕಿಕೊಂಡು ಗುರುತು ದಾಟಿದೆ. ಹೊಸ್ತಿಲು ದಾಟಿದೆ. ಬಿಸಿಲಿಗೆ ಇಳಿದೆ.

ಹೈದಯ್ಯನವರಿಗೆ ಇದ್ದದ್ದು ಒಂದೇ ಒಂದು ಮಾತಿನ ಡೈಲಾಗು. ಅದು ಮುಗಿದಿತ್ತು. ಆದರೆ ಹಿಂದಿನಿಂದ ಮತ್ತೆ ದನಿ ಬಂತು, ಒಡೆದ ದನಿ. "ಹಾಗೇ ಇರ್ಲಿ ಮಗಾ. ತೆಗೀಬೇಡ."

ಭುಜಂಗಯ್ಯ ಕಟ್ ಅನ್ನಲೇ ಇಲ್ಲ. ರೀಲು ಮುಗಿದು ಕ್ಯಾಮೆರಾ ಟಕಟಕ ಅನ್ನುವವರೆಗೂ ನಾನು ನಡೆಯುತ್ತಲೇ ಇದ್ದೆ.

ಶೆಟ್ಟರು ಓಡಿ ಬಂದರು. "ಎಲ್ಲಿಗಮ್ಮಾ ಹೋದೆ? ಗುರುತು ಕಾಣಿಸ್ಲಿಲ್ವಾ?"

"ಕಾಣಿಸ್ತು ಸಾರ್."

"ಮತ್ತೆ?"

"ದಾಟ್ದೆ."

ಅವರು ಬೈದದ್ದನ್ನೆಲ್ಲ ಇಲ್ಲಿ ಹೇಳಿದರೆ ನಾಲಿಗೆ ಸುಡುತ್ತದೆ. ಮಂದಾರ ಏನೂ ಬೈಯಲಿಲ್ಲ. ನನ್ನದೇ ಥರದ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಾಕಿಕೊಂಡು ನಿಂತಿದ್ದಳು. "ನಾನು ಚೆನ್ನಾಗಿ ತಿರುಗ್ತಿದ್ದೆ ಅಲ್ವಾ ಅಕ್ಕಾ," ಅಂದಳು. ಅಷ್ಟೇ. ಅವ್ವ ಕೊಡಲು ಹೋದ ಚಕ್ಕುಲಿ ಮುಟ್ಟಲಿಲ್ಲ.

ಬಿಡುಗಡೆಯ ದಿನ ಮ್ಯಾಟಿನಿಗೆ ಟಾಕೀಸಿನಲ್ಲಿ ಕಾಲಿಡಲು ಜಾಗವಿಲ್ಲ. ಕೈ ಹಿಡಿದು ಎಳೆದುಕೊಂಡು ಹೋದರೆ ಅವ್ವನೂ ಬಂದಳು, ಪರದೆ ನೋಡುವುದಿಲ್ಲ, ನಿನ್ನ ಪಕ್ಕ ಕೂರುತ್ತೇನೆ ಅಷ್ಟೇ ಅಂತ. ಶುರುವಿನಲ್ಲಿ ಮಂದಾರಳ ಹೆಸರೂ ಬರಲಿಲ್ಲ, ನನ್ನದೂ ಬರಲಿಲ್ಲ. ಶೆಟ್ಟರು ಸಿಟ್ಟಿನಲ್ಲಿ ನಾಯಕಿಯ ಹೆಸರನ್ನೇ ಕಿತ್ತು ಹಾಕಿದ್ದರು. ಜನಕ್ಕೆ ಅದು ಗೊತ್ತಾಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮುಖ. ಬಾವಿಯ ಸೀನಿಗೆ "ತಿರುಗೇ!" ಅಂತ ಒಬ್ಬ ಕೂಗಿದ. ಜಗಳದ ಸೀನಿಗೆ ಇಡೀ ಮುಂದಿನ ಸಾಲು ಕೂಗಿತು. ಮುಖ ಸಿಗದೆ ಇವರು ಕುರ್ಚಿ ಮುರಿದರೆ, ಬೆನ್ನಿನ ಕೆಲಸವೂ ಹೋಯಿತು, ಮತ್ತೆ ನನ್ನನ್ನು ಆ ಆಲೆಮನೆಯ ಬಾಗಿಲಿಗೂ ಸೇರಿಸುವುದಿಲ್ಲ.

ಕೊನೆಯ ಸೀನು ಬಂತು. ಗಂಟು, ಬಾಗಿಲು, ಬಿಸಿಲು. "ಮಗಾ..."

"ತಿರುಗ್ತಾಳೆ, ತಿರುಗ್ತಾಳೆ! ಸುಮ್ನಿರ್ರೋ!" ಜನ ಬೆಂಚಿನ ಮೇಲೆ ಎದ್ದು ನಿಂತರು.

ಪರದೆಯ ಮೇಲೆ ಕೈ ಎದ್ದಿತು. ಸೆರಗು ಹಣೆಗೆ ಬಂತು, ಕೆನ್ನೆಗೆ ಬಂತು. ಆಮೇಲೆ ಹೆಂಗಸರ ಕಡೆಯಿಂದ ಯಾವುದೋ ಅಜ್ಜಿ, ಪಕ್ಕದಲ್ಲಿ ನಿಂತವಳಿಗೆ ಹೇಳುವ ಹಾಗೆ, ಗಟ್ಟಿಯಾಗಿ, "ಮುಚ್ಕೋ ನನ್ನವ್ವ, ಮುಚ್ಕೋ," ಅಂದಳು. ಸರಸರ ಅಂತ ಒಂದು ಸದ್ದು. ಏನು ಅಂತ ತಿರುಗಿ ನೋಡಿದರೆ ಹೆಂಗಸರೆಲ್ಲ ಸೆರಗು ಎಳೆದುಕೊಳ್ಳುತ್ತಿದ್ದಾರೆ, ಮಡಿಲಿನ ಮಕ್ಕಳಿಗೆ ಹೊದಿಸುತ್ತಿದ್ದಾರೆ. ಟಾಕೀಸಿನಲ್ಲಿ ಎಲ್ಲಿಯ ಕ್ಯಾಮೆರಾ! ಗಂಡಸರು ಟವೆಲಿನಲ್ಲಿ ಮುಖ ಒರೆಸುವ ನೆಪ ಮಾಡುತ್ತಿದ್ದಾರೆ.

ನನ್ನ ಪಕ್ಕದಲ್ಲಿ ಅವ್ವ ಪರದೆಯನ್ನೇ ನೋಡುತ್ತಿದ್ದಳು. ಯಾವಾಗಿನಿಂದ ನೋಡುತ್ತಿದ್ದಳೋ. ಕಣ್ಣು ಅಲ್ಲಿಂದ ತೆಗೆಯದೆ, ಕೈ ಮಾತ್ರ ಈ ಕಡೆ ಚಾಚಿ, ನನ್ನ ಸೆರಗು ಹುಡುಕಿ, ನನ್ನ ತಲೆಯ ಮೇಲೆ ಎಳೆದಳು. ಹಣೆಗೆ, ಕೆನ್ನೆಗೆ, ಗಲ್ಲದ ಕೆಳಗೆ ಸಿಕ್ಕಿಸಿ. "ಈಗ ಕೈ ಖಾಲಿ ಇತ್ತು ಕಣೇ," ಅಂದಳು.

ಆಮೇಲಿನ ಶಿಳ್ಳೆಯನ್ನು ನಾನು ಸಾಯುವವರೆಗೂ ಕೇಳಿಸಿಕೊಳ್ಳುತ್ತಿರುತ್ತೇನೆ. ಕೊನೆಯ ಭಾಗ ಮತ್ತೆ ಹಾಕಿ ಅಂತ ಗಲಾಟೆ, ಹಾಕಿದ ಮೇಲೆ ಇನ್ನೊಮ್ಮೆ ಅಂತ ಗಲಾಟೆ. "ಯಾರ್ರೀ ಅದು? ಹೆಸರೇನ್ರೀ?" ಅಂತ ಶೆಟ್ಟರನ್ನು ಗೇಟಿನಲ್ಲಿ ಹಿಡಿದು ನಿಲ್ಲಿಸಿದರು. ಶೆಟ್ಟರು ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು. "ನಿನ್ನ ಪೂರ್ತಿ ಹೆಸರೇನಮ್ಮಾ?" ನೋಡಿ, ಅಷ್ಟು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು.

ಸಂಜೆಯ ಆಟಕ್ಕೆ ಗಾಜಿನ ಮೇಲೆ ಕೈಯಲ್ಲೇ ಬರೆಸಿ ಸ್ಲೈಡ್ ಹಾಕಿದರು. ಎರಡೇ ಪದ. "ಬೆನ್ನು: ನೀಲಾಂಬಿಕೆ." ಅಕ್ಷರ ಸೊಟ್ಟ, 'ಬೆ' ಒಂದು ಕಡೆ ವಾಲಿತ್ತು. ಆ ಸ್ಲೈಡಿಗೇ ಶಿಳ್ಳೆ! ಹೆಸರು ಓದಲು ಬಾರದವರು ಪಕ್ಕದವರಿಂದ ಓದಿಸಿಕೊಂಡು ಹೊಡೆದರು. ಈಗ ಯಾವ ಪಿಕ್ಚರಿಗೆ ಹೋಗಿ ನೋಡಿ, ಬೆನ್ನು ಇಂಥವರು, ಓಟ ಇಂಥವರು, ಬಿದ್ದು ಹೊರಳಿದ್ದು ಇಂಥವರು ಅಂತ ಬರುತ್ತದೆ. ಮೊಣಕೈಯೂ ಬಂದು ಕೇಳಿತು, ಅದಕ್ಕೂ ಹಾಕಿದರು. ಭುಜಂಗಯ್ಯನವರು ಮುಂದಿನ ಕಥೆಯನ್ನು ನನ್ನ ಬೆನ್ನಿಗೇ ಅಂತ ಬರೆಯುತ್ತಿದ್ದಾರೆ. ಹಡಗು ಬಂದ ತಕ್ಷಣ ಶುರು.

ಅದರಲ್ಲಿ ಮಂದಾರ ಇದ್ದಾಳೆ. ಅವಳ ಮುಖ ಇನ್ನೂ ಮೀಸಲಾಗಿಯೇ ಇದೆ, ನಾನೇ ಹಟ ಹಿಡಿದು ಅವಳನ್ನು ಹಾಕಿಸಿದೆ. ದಿನಾ ಬರುತ್ತಾಳೆ, ಕಲಿಯುತ್ತಾಳೆ, ನಗುತ್ತಾಳೆ. "ಈ ಸಲ ಗುರುತು ದಾಟಿದ್ರೆ ಕಾಲು ಮುರೀತೀನಿ ಅಕ್ಕಾ," ಅನ್ನುತ್ತಾಳೆ. ಚಕ್ಕುಲಿ ಮಾತ್ರ ಇನ್ನೂ ಮುಟ್ಟುತ್ತಿಲ್ಲ. ಅವ್ವ ದಿನಾ ಡಬ್ಬಿ ತುಂಬಿ ಕಳಿಸುತ್ತಾಳೆ, ಅದು ದಿನಾ ಹಾಗೇ ವಾಪಸು ಬರುತ್ತದೆ.

ಈಗ ನೀವು ಹೇಳಿ. ಸೀಮೆಸುಣ್ಣದ ಗುರುತು ಹೆಬ್ಬೆರಳಿಗೆ ತಾಗಿದೆ. ಉಳಿದ ತುಂಡು ರೀಲು ಓಡುತ್ತಿದೆ. ಒಂದು ಬದಿಯಲ್ಲಿ ಪೌಡರ್ ಹಾಕಿಕೊಂಡು ಆ ಹುಡುಗಿ ಕಾಯುತ್ತಿದ್ದಾಳೆ, ಇನ್ನೊಂದು ಮೂಲೆಯಲ್ಲಿ ನಿಮ್ಮವ್ವ ಒಣಗಿದ ಕೈ ಒರೆಸಿಕೊಳ್ಳುತ್ತಿದ್ದಾಳೆ, ಹಿಂದಿನಿಂದ "ಮಗಾ" ಅಂತ ಕೂಗು ಬಂದಿದೆ. ನೀವಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದಿರಾ?